ಸಿಸ್ಟರ್ ಸಿಡುಕಿದರೆ ಅದು ಬರೀ ಅವರ ಸ್ವಭಾವನಾ? ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಬಗ್ಗೆ ಒಂದಿಷ್ಟು

[ಪರದೆ: ಹಾಸನ ನಗರ, ಬೆಳಗಿನ ಹೊತ್ತು. ಆಸ್ಪತ್ರೆ ಕಡೆ ಹೊರಟ ಜನ]

ನಮಸ್ಕಾರ. ಹಾಸನದಲ್ಲಿ ಹಿಮ್ಸ್ ಮೆಡಿಕಲ್ ಕಾಲೇಜು 2006ರಲ್ಲಿ ಶುರುವಾಯಿತು. ಅದರ ಆಸ್ಪತ್ರೆಗೆ ಆಲೂರು, ಅರಕಲಗೂಡು, ಬೇಲೂರು, ಸಕಲೇಶಪುರ ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ಸರ್ಕಾರಿಯೋ ಖಾಸಗಿಯೋ, ಯಾವುದೇ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮಾತಾಡಿಸಿ ನೋಡಿ. ಡಾಕ್ಟರ್ ಹೆಸರು ಮರೆತಿರುತ್ತಾರೆ. ಸಿಸ್ಟರ್ ಹೇಗೆ ಮಾತಾಡಿಸಿದರು ಅನ್ನೋದು ಮಾತ್ರ ಚೆನ್ನಾಗಿ ನೆನಪಿರುತ್ತದೆ. "ಬಂಗಾರದಂಥವರು" ಅಂತಲೋ, "ಅಯ್ಯೋ, ಬರೀ ಸಿಡುಕು" ಅಂತಲೋ ಹೇಳುತ್ತಾರೆ.

ಅದು ಅವರವರ ಸ್ವಭಾವ ಅಂದುಕೊಂಡು ನಾವು ಸುಮ್ಮನಾಗುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಒಬ್ಬ ನರ್ಸಿನ ಕರುಣೆ ಉಳಿಯುವುದೂ ಬತ್ತುವುದೂ ಬಹಳಮಟ್ಟಿಗೆ ಅವರ ಕೆಲಸ ನೋಡಿಕೊಳ್ಳುವವರ ಕೈಯಲ್ಲಿದೆ. ಅಂದರೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್.

[ಪರದೆ: ವಾರ್ಡಿನಲ್ಲಿ ಬೆಳಗಿನ ರೌಂಡ್ಸ್]

ಇನ್‌ಚಾರ್ಜ್ ಸಿಸ್ಟರ್ ರೌಂಡ್ಸಿಗೆ ಬಂದಾಗ ಏನು ಕೇಳುತ್ತಾರೆ? "ಬಿಪಿ ಬರೆದ್ರಾ? ಇಂಜೆಕ್ಷನ್‌ಗೆ ಸಹಿ ಆಯ್ತಾ?" ಇವು ಬೇಕೇ ಬೇಕು, ಇಲ್ಲದಿದ್ದರೆ ರೋಗಿಯ ಜೀವಕ್ಕೇ ಅಪಾಯ. ಆದರೆ ದಿನಾ ಇಷ್ಟೇ ಕೇಳಿದರೆ, ಹೊಸ ನರ್ಸ್ ಕಲಿಯುವುದೂ ಇಷ್ಟೇ: ಕೇಸ್ ಶೀಟ್ ಸರಿ ಇದ್ದರೆ ಸಾಕು. "ಆ ಅಜ್ಜಿ ರಾತ್ರಿ ನಿದ್ದೆ ಮಾಡಿದ್ರಾ? ಆಪರೇಷನ್ ಮುಂದಕ್ಕೆ ಹೋಗಿದ್ದು ಅವರ ಮಗನಿಗೆ ಗೊತ್ತಾ?" ಅಂತಲೂ ಕೇಳುವವರಿದ್ದರೆ, ನಾಳೆ ಆ ಹುಡುಗಿ ತಾನಾಗಿಯೇ ಅಜ್ಜಿಯ ಪಕ್ಕ ಒಂದು ನಿಮಿಷ ನಿಲ್ಲುತ್ತಾಳೆ.

ನಮ್ಮ ಕಡೆಯದೇ ಒಂದು ಉದಾಹರಣೆ ತಗೊಳ್ಳಿ. ಸಕಲೇಶಪುರದ ಕಾಫಿ ಎಸ್ಟೇಟುಗಳಲ್ಲಿ ಅಸ್ಸಾಂನಿಂದ ಬಂದ ಕೆಲಸಗಾರರಿದ್ದಾರೆ. ಅವರಲ್ಲೊಬ್ಬರು ಕಾಲು ಮುರಿದುಕೊಂಡು ಅಡ್ಮಿಟ್ ಆದರು ಅಂದುಕೊಳ್ಳಿ. ಕನ್ನಡ ಬರುವುದಿಲ್ಲ, ನೋವು ಎಲ್ಲಿ ಅಂತ ಹೇಳಲಾಗದೆ ಕೂಗುತ್ತಾರೆ. "ಸುಮ್ನಿರಪ್ಪಾ" ಅಂತ ಗದರಿ ಮುಂದೆ ಹೋಗಬಹುದು. ಅಥವಾ ಇನ್‌ಚಾರ್ಜ್ ಸಿಸ್ಟರ್ ಅಲ್ಲೇ ನಿಂತು, ಕೈಸನ್ನೆಯಲ್ಲಿ ವಿಚಾರಿಸಿ, ಅವರ ಭಾಷೆ ಬಲ್ಲ ಯಾರನ್ನಾದರೂ ಫೋನಿನಲ್ಲಿ ಹಿಡಿದು ಮಾತಾಡಿಸಬಹುದು. ಪಕ್ಕದಲ್ಲಿ ನಿಂತ ನರ್ಸಿಂಗ್ ವಿದ್ಯಾರ್ಥಿನಿ ಇದನ್ನು ನೋಡುತ್ತಿರುತ್ತಾಳೆ. ಅವಳು ಎರಡರಲ್ಲಿ ಯಾವುದನ್ನು ನೋಡುತ್ತಾಳೋ ಅದನ್ನೇ ಮುಂದೆ ಮಾಡುತ್ತಾಳೆ.

[ಪರದೆ: "10ನೇ ಬೆಡ್ಡಿನ ಲಿವರ್"]

ಸುಮಾರು 1960ರಲ್ಲಿ ಇಸಬೆಲ್ ಮೆಂಝೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸುಗಳ ಬಗ್ಗೆ ಬರೆದರು. ಅಲ್ಲಿ ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "10ನೇ ಬೆಡ್ಡಿನ ಲಿವರ್" ಅನ್ನುತ್ತಿದ್ದರು. ಇದು ಕಲ್ಲುಮನಸ್ಸು ಅಲ್ಲ ಅಂದರು ಮೆಂಝೀಸ್. ದಿನವೂ ನೋವು, ಸಾವು ನೋಡುವವರು ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಅದು. ಕೆಲಸವನ್ನು ಹಂಚುವ ರೀತಿಯೇ ಅವರನ್ನು ರೋಗಿಯಿಂದ ದೂರ ಇಡುತ್ತಿತ್ತು.

ಮೇಲ್ವಿಚಾರಣೆಯಲ್ಲಿ ಮೂರು ಕೆಲಸ ಇವೆ ಅಂತ 1980ರ ದಶಕದಲ್ಲಿ ಬ್ರಿಟನ್ನಿನ ಕೌನ್ಸೆಲಿಂಗ್ ಕ್ಷೇತ್ರದ ಬ್ರಿಜಿಡ್ ಪ್ರಾಕ್ಟರ್ ಹೇಳಿದರು. ಕೆಲಸ ಸರಿಯಾಗಿದೆಯಾ ನೋಡುವುದು, ಕಲಿಸುವುದು, ಮನಸ್ಸಿಗೆ ಆಸರೆ ಆಗುವುದು. ಮೊದಲೆರಡು ನಮ್ಮಲ್ಲಿ ಹೇಗೋ ನಡೆಯುತ್ತವೆ. ಮೂರನೆಯದನ್ನು ಕೆಲಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ನನಗೆ ತುಂಬಾ ಬೇಸರದ ವಿಷಯ. ರಾತ್ರಿ ಎರಡು ಗಂಟೆಗೆ ಒಂದು ಮಗು ತೀರಿಕೊಳ್ಳುತ್ತದೆ. ಮನೆಯವರು ಅತ್ತು ಕೂಗಾಡುತ್ತಾರೆ. ಐದು ನಿಮಿಷಕ್ಕೆ ಅದೇ ನರ್ಸ್ ಪಕ್ಕದ ಬೆಡ್ಡಿನ ಡ್ರಿಪ್ ಬದಲಿಸಬೇಕು. ಆಗ ಸೀನಿಯರ್ ಒಬ್ಬರು "ನೀನು ಹೋಗಿ ಮುಖ ತೊಳ್ಕೊಂಡು ಬಾ, ಇದನ್ನ ನಾನು ನೋಡ್ಕೊಳ್ತೀನಿ" ಅಂದರೆ, ಅದರ ಫಲ ಮುಂದಿನ ರೋಗಿಗೆ ಸಿಗುತ್ತದೆ.

[ಪರದೆ: 2013, ಫ್ರಾನ್ಸಿಸ್ ವರದಿ]

ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೀರು ಕೈಗೆ ಎಟುಕುತ್ತಿರಲಿಲ್ಲ, ಒದ್ದೆ ಹಾಸಿಗೆಯಲ್ಲೇ ಮಲಗಿರುತ್ತಿದ್ದರು. ಸಿಬ್ಬಂದಿ ಕಡಿಮೆ, ಆಡಳಿತಕ್ಕೆ ಖರ್ಚು ಮತ್ತು ಗುರಿಗಳದ್ದೇ ಚಿಂತೆ. ತನಿಖೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರ ವರದಿಯಲ್ಲಿ ಹಲವು ಸಲಹೆ ಕೊಟ್ಟರು. ಅದರಲ್ಲೊಂದು, ವಾರ್ಡಿನ ಮುಖ್ಯ ನರ್ಸ್ ಆಫೀಸಿನಲ್ಲಿ ಕಟ್ಟಿಬಿದ್ದಿರಬಾರದು, ವಾರ್ಡಿನ ಮೇಲ್ವಿಚಾರಣೆಗೇ ಇರಬೇಕು ಅನ್ನುವುದು.

ನಮ್ಮಲ್ಲಿ ಇನ್‌ಚಾರ್ಜ್ ಸಿಸ್ಟರಿಗೆ ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ), ಸ್ಟಾಕ್ ರಿಜಿಸ್ಟರ್, ಲಿನನ್ ಲೆಕ್ಕ ಮುಗಿಯುವುದೇ ಇಲ್ಲ. ಈ ಬರವಣಿಗೆ ಕೆಲಸಕ್ಕೆ ಬೇರೆಯವರನ್ನು ಕೊಡಬೇಕು. ಜನರ ಕೊರತೆ ಬೇರೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಹೊತ್ತು ವಾರ್ಡಿಗೆ ಹೋದವರಿಗೆ ವಾಸ್ತವ ಏನು ಅಂತ ಗೊತ್ತಿದೆ, ಅಲ್ವಾ? ಒಳ್ಳೆಯ ಮೇಲ್ವಿಚಾರಣೆಯಿಂದ ಈ ಕೊರತೆ ತುಂಬುವುದಿಲ್ಲ. ಆದರೆ ನೈಟ್ ಡ್ಯೂಟಿಯನ್ನು ನ್ಯಾಯವಾಗಿ ಹಂಚಬಹುದು, ಹೊಸಬರನ್ನೇ ಒಂದು ಶಿಫ್ಟಿಗೆ ತುಂಬದೆ ಇರಬಹುದು.

ನಿಮ್ಮವರು ಯಾರಾದರೂ ಅಡ್ಮಿಟ್ ಆದರೆ, ಮೊದಲ ದಿನವೇ ಇನ್‌ಚಾರ್ಜ್ ಸಿಸ್ಟರ್ ಯಾರು ಅಂತ ಕೇಳಿಕೊಳ್ಳಿ. ತೊಂದರೆ ಇದ್ದರೆ ಡ್ಯೂಟಿ ನರ್ಸ್ ಮೇಲೆ ಕೂಗಾಡುವ ಬದಲು ಅವರ ಹತ್ತಿರ ಹೇಳಿ. ಕೇಳದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ. ಯಾವ ಸಿಸ್ಟರ್ ಚೆನ್ನಾಗಿ ನೋಡಿಕೊಂಡರೋ, ಅವರ ಹೆಸರನ್ನೂ ಅದೇ ಕಚೇರಿಗೆ ಬರೆದು ಕೊಟ್ಟು ಬನ್ನಿ.