ಕರೆಂಟ್ ಹೋದಾಗ ಉಳಿಯೋದು ಏನು?

ಕೇಳುಗರಿಗೆ ನಮಸ್ಕಾರ. ಮೋಟರ್ ಓಡುತ್ತಿರುವಾಗ ಕರೆಂಟ್ ಹೋದರೆ ಸಿಟ್ಟು ಬರುತ್ತದೆ, ಅಲ್ವಾ? ಆದರೆ ಕೆಲವು ಸಲ ನಮ್ಮ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ನಮ್ಮ ಕಡೆಗೆ ಕರೆಂಟ್ ತರುವ ಲೈನ್, ಆಫ್ ಆಗಿದ್ದಕ್ಕೇ ಉಳಿದ ಊರುಗಳಲ್ಲಿ ದೀಪ ಉರಿಯುತ್ತಿರುತ್ತದೆ.

2012ರ ಜುಲೈ 30 ಮತ್ತು 31 ನೆನಪಿದೆಯಾ? ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು, ಅಂದರೆ ಕರೆಂಟ್ ತಯಾರಾಗುವ ಕಡೆಯಿಂದ ಊರೂರಿಗೆ ಒಯ್ಯುವ ಲೈನ್‌ಗಳ ಜಾಲಗಳು, ಮೂರೂ ಬಿದ್ದು 60 ಕೋಟಿಗೂ ಹೆಚ್ಚು ಜನ ಇರುವ ರಾಜ್ಯಗಳಲ್ಲಿ ಕರೆಂಟ್ ಹೋಯಿತು. ಶುರುವಾಗಿದ್ದು ಮಧ್ಯಪ್ರದೇಶದ ಬೀನಾ-ಗ್ವಾಲಿಯರ್ ಲೈನ್‌ನಿಂದ. ವೈರ್ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಲೋಡ್ ವಿಪರೀತ ಆಗಿತ್ತು, ಲೈನ್ ಕಾಯುವ ರಿಲೇ ಅನ್ನೋ ಸಾಧನ ಅದನ್ನೇ ಫಾಲ್ಟ್ ಅಂದುಕೊಂಡು ಲೈನನ್ನು ಕಳಚಿತು. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಹೆಗಲು ತೆಗೆದರೆ ಭಾರ ಪಕ್ಕದವನ ಮೇಲೆ ಬೀಳುತ್ತದೆ, ಅವನೂ ಕುಸಿಯುತ್ತಾನೆ. ಹಾಗೆಯೇ ಒಂದರ ಹಿಂದೆ ಒಂದು ಲೈನ್ ಟ್ರಿಪ್ ಆಗುತ್ತಾ ಹೋಯಿತು.

ಆಗ ದಕ್ಷಿಣ ಉಳಿಯಿತು. ಅದರಲ್ಲಿ ನಮ್ಮ ಕೋಲಾರಕ್ಕೂ ಪಾಲಿದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರದ ಸ್ಟೇಷನ್‌ಗೆ ಬರುವುದು ಡಿಸಿ ಲೈನ್, ಅಂದರೆ ಅದರಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ; ನಮ್ಮ ಮನೆಯ ಎಸಿ ಕರೆಂಟ್ ಹಾಗಲ್ಲ, ದಿಕ್ಕು ಬದಲಿಸುತ್ತಲೇ ಇರುತ್ತದೆ, ಆ ಬದಲಾವಣೆಯ ವೇಗವೇ ಫ್ರೀಕ್ವೆನ್ಸಿ. ಆ ಕಡೆ ಫ್ರೀಕ್ವೆನ್ಸಿ ಎಷ್ಟೇ ತೂಗಾಡಿದರೂ ಆ ತೂಗಾಟ ಡಿಸಿ ದಾಟಿ ಈ ಕಡೆಗೆ ಹಾಗೇ ಬರುವುದಿಲ್ಲ. ಆದರೂ ಪೂರ್ವದ ಕರೆಂಟ್ ಕೈಕೊಟ್ಟಿತು, ಬೇಕಾದಷ್ಟು ಕರೆಂಟ್ ಸಿಗದೆ ಇಲ್ಲಿ ಫ್ರೀಕ್ವೆನ್ಸಿ ಕುಸಿಯಿತು. ಅಂಥ ಹೊತ್ತಿಗೆಂದೇ ಇಟ್ಟಿದ್ದ ರಿಲೇಗಳು ಯಾರ ಅಪ್ಪಣೆಗೂ ಕಾಯದೆ ಒಂದಷ್ಟು ಲೋಡನ್ನು, ಅಂದರೆ ಕೆಲವು ಫೀಡರ್‌ಗಳನ್ನು, ಕತ್ತರಿಸಿ ಬಿಸಾಡಿದವು. ದಕ್ಷಿಣದ ಗ್ರಿಡ್ ನಿಂತಿತು.

ಈಗ ಪರಿಸ್ಥಿತಿ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಲೈನ್ ಸೇರಿದ ಮೇಲೆ ಇಡೀ ದೇಶ ಒಂದೇ ಗ್ರಿಡ್. ಕಷ್ಟ ಬಂದರೆ ದೂರದಿಂದ ಕರೆಂಟ್ ಸಿಗುತ್ತದೆ, ದೂರದ ಕಷ್ಟ ನಮ್ಮ ತನಕ ಬರುವ ದಾರಿಯೂ ಅದೇ. ನಮ್ಮ ತುಮಕೂರಿನ ಪಾವಗಡದಲ್ಲೇ 2050 ಮೆಗಾವ್ಯಾಟ್ ಸೋಲಾರ್ ಇದೆ, ಸಂಜೆ ಅದು ಇಳಿಯುವ ಹೊತ್ತಿಗೆ ಬೇರೆ ಕಡೆಯವರು ಆ ಭಾರ ಹೊರಬೇಕು. ಅದಕ್ಕೇ ನನ್ನ ಒತ್ತಾಯ ಇಷ್ಟು: ಲೋಡ್ ಕತ್ತರಿಸುವ ಆ ರಿಲೇಗಳನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಲೇಬೇಕು. ಪ್ರಭಾವ ಇರುವವರ ಫೀಡರ್ ಅಂತ ಯಾವುದನ್ನೂ ಸುಮ್ನೆ ಆ ಕತ್ತರಿಸುವ ಪಟ್ಟಿಯಿಂದ ಹೊರಗಿಡಬಾರದು.

ನಾವು ರೈತರೂ ಮಾಡಬೇಕಾದ್ದು ಒಂದಿದೆ. ಹೋದ ಕರೆಂಟ್ ಬಂದ ಕ್ಷಣ ಆಟೋ ಸ್ಟಾರ್ಟರ್ ಇರುವ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಶುರುವಾಗುವಾಗ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಫೀಡರ್ ಮತ್ತೆ ಟ್ರಿಪ್ ಆಗುತ್ತದೆ. ಸ್ಟಾರ್ಟರ್‌ಗೆ ಒಂದು ಟೈಮರ್ ಹಾಕಿಸಿ. ಪಕ್ಕದ ತೋಟದವರು ಎರಡು ನಿಮಿಷ ಇಟ್ಟಿದ್ದರೆ ನೀವು ಐದು ನಿಮಿಷ ಇಡಿ.