ಜನರೇಟರ್ ಮೇಲೆ, ಪಂಪ್ ಕೆಳಗೆ

ಎಲ್ಲರಿಗೂ ನಮಸ್ಕಾರ.

ಪ್ರವಾಹ, ಭೂಕಂಪ, ಚಂಡಮಾರುತ ಬಂದಾಗ ಕರೆಂಟು, ನೀರು, ಆಸ್ಪತ್ರೆ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ವಿಷಯ. ಮಾತು ಶುರುವಾಗುವುದು ಒಂದು ಡೀಸೆಲ್ ಪಂಪಿನಿಂದ.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಉಕ್ಕಿಸಿದ ನೀರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ನೆಲಮಾಳಿಗೆಗೆ ನುಗ್ಗಿತು. ಜನರೇಟರುಗಳು ಹದಿಮೂರನೇ ಮಹಡಿಯಲ್ಲಿ ಕ್ಷೇಮವಾಗಿದ್ದವು. ಅವಕ್ಕೆ ಡೀಸೆಲ್ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದವು, ಅವು ಮುಳುಗಿದವು. ಆಮೇಲೆ ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಬೇಕಾಯಿತು. ಕೊನೆಗೆ ರೋಗಿಗಳನ್ನೂ ಬೇರೆಡೆಗೆ ಸಾಗಿಸಬೇಕಾಯಿತು.

ಅದಕ್ಕೂ ಹಿಂದಿನ ವರ್ಷ ಜಪಾನಿನ ಫುಕುಶಿಮಾ ಅಣುವಿದ್ಯುತ್ ಸ್ಥಾವರದಲ್ಲೂ ಇದೇ ಆಗಿತ್ತು. ಭೂಕಂಪಕ್ಕೆ ಹೊರಗಿನ ಲೈನು ಹೋದಾಗ ಡೀಸೆಲ್ ಜನರೇಟರುಗಳು ತಾವಾಗಿಯೇ ಸ್ಟಾರ್ಟ್ ಆದವು. ಸುಮಾರು 50 ನಿಮಿಷದ ಮೇಲೆ ಸುನಾಮಿ ಬಂದು ಹೆಚ್ಚಿನವನ್ನು ಮುಳುಗಿಸಿತು. ಗಾಳಿಯಿಂದ ತಣಿಯುವ ಕೆಲವು ಜನರೇಟರುಗಳಿಗೆ ಏನೂ ಆಗಿರಲಿಲ್ಲ. ಆದರೆ ಅವುಗಳಲ್ಲಿ ಎರಡರ ಸ್ವಿಚ್‌ಗೇರ್, ಅಂದರೆ ಕರೆಂಟು ಹಂಚುವ ಸ್ವಿಚ್ಚುಗಳ ಪ್ಯಾನೆಲ್, ನೀರಿನಲ್ಲಿತ್ತು. ಯಂತ್ರ ಚೆನ್ನಾಗಿದ್ದೂ ಕರೆಂಟು ಕಳಿಸುವ ದಾರಿ ಇರಲಿಲ್ಲ. 6ನೇ ಘಟಕದಲ್ಲಿ ಒಂದು ಜನರೇಟರೂ ಅದರ ಪ್ಯಾನೆಲ್ಲೂ ಎರಡೂ ಉಳಿದವು. 5 ಮತ್ತು 6ನೇ ಘಟಕಗಳನ್ನು ಕಾಪಾಡಿದ್ದು ಅದೇ.

ಹಾಗಾಗಿ ‘ನಮ್ಮಲ್ಲಿ ಬ್ಯಾಕಪ್ ಇದೆ’ ಎಂದು ಯಾರಾದರೂ ಹೇಳಿದರೆ, ಅದು ಎಲ್ಲಿದೆ, ಯಾವುದನ್ನು ನಂಬಿಕೊಂಡಿದೆ ಎಂದು ಕೇಳಿ. ಕಾಗದದ ಮೇಲೆ ಅಲ್ಲ, ಟೇಪು ಹಿಡಿದು ನಡೆದು ನೋಡಿ. ಕೊನೆಯ ಮೋಟಾರಿನಿಂದ ಹಿಂದಕ್ಕೆ ಹೊರಡಿ: ಸ್ಟಾರ್ಟರ್, ಕೇಬಲ್, ಪ್ಯಾನೆಲ್, ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್, ಜನರೇಟರ್, ಅದರ ಬ್ಯಾಟರಿ, ಪಕ್ಕದ ಚಿಕ್ಕ ಟ್ಯಾಂಕು, ಡೀಸೆಲ್ ಪಂಪು, ಆ ಪಂಪಿಗೆ ಕರೆಂಟು ಬರುವ ಜಾಗ, ದೊಡ್ಡ ಟ್ಯಾಂಕು, ಅದರ ಗಾಳಿ ಕೊಳವೆ, ಟ್ಯಾಂಕರ್ ಬರುವ ರಸ್ತೆ. ಒಂದೊಂದರ ಎತ್ತರವನ್ನೂ ಒಂದೇ ಗುರುತಿನಿಂದ ಅಳೆದು ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಅತಿ ಚಿಕ್ಕ ಅಂಕಿ ಯಾವುದೋ ಅಷ್ಟೇ ನಿಮ್ಮ ಇಡೀ ವ್ಯವಸ್ಥೆಯ ಎತ್ತರ. ಜನರೇಟರನ್ನು ಇನ್ನೆರಡು ಮೀಟರ್ ಮೇಲಕ್ಕೆತ್ತಿದರೂ ಆ ಅಂಕಿ ಬದಲಾಗುವುದಿಲ್ಲ.

ನಡೆಯುವಾಗ ಎರಡು ಕಡೆ ಬಗ್ಗಿ ನೋಡಿ. ಒಂದು, ಗೋಡೆ ತೂರಿ ಬರುವ ಕೇಬಲ್ ಪೈಪುಗಳು. ಬಾಗಿಲಿಗೆ ಎಷ್ಟು ಮರಳು ಚೀಲ ಪೇರಿಸಿದರೂ ಸೀಲ್ ಮಾಡದ ಪೈಪಿನೊಳಗಿಂದ ನೀರು ಬಂದೇ ಬರುತ್ತದೆ. ಇನ್ನೊಂದು, ನೆಲದಡಿಯ ಡೀಸೆಲ್ ಟ್ಯಾಂಕು. 10,000 ಲೀಟರಿನ ಟ್ಯಾಂಕು ಪೂರ್ತಿ ಮುಳುಗಿದರೆ ನೀರು ಅದನ್ನು ಹತ್ತು ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಒಳಗೆ ಡೀಸೆಲ್ ಕಡಿಮೆ ಇದ್ದು, ಕಾಂಕ್ರೀಟ್ ತಳಕ್ಕೆ ಬಿಗಿದ ಪಟ್ಟಿಯೂ ಇಲ್ಲದಿದ್ದರೆ ಟ್ಯಾಂಕು ನೆಲ ಸೀಳಿಕೊಂಡು ತೇಲಬಹುದು, ಪೈಪುಗಳು ಕಿತ್ತುಹೋಗಬಹುದು. ಗಾಳಿ ಕೊಳವೆಯ ಬಾಯಿ ಪ್ರವಾಹದ ಮಟ್ಟಕ್ಕಿಂತ ಕೆಳಗಿದ್ದರೆ ಡೀಸೆಲ್ಲಿಗೆ ನೀರು ಸೇರುತ್ತದೆ.

ಡೀಸೆಲ್ ಲೆಕ್ಕ ಸುಲಭ. 100 ಕಿಲೋವಾಟ್ ಲೋಡಿಗೆ ಗಂಟೆಗೆ ಅಂದಾಜು 25ರಿಂದ 30 ಲೀಟರ್. ಮೂರು ದಿನಕ್ಕೆ ಸುಮಾರು 2,000 ಲೀಟರ್. ರಸ್ತೆ ಎಷ್ಟು ದಿನ ಮುಚ್ಚಬಹುದೋ ಅಷ್ಟು ದಿನಕ್ಕೆ ಗುಣಿಸಿ.

ಜನರೇಟರ್ ಸ್ಟಾರ್ಟ್ ಆಗದಿರಲು ಬಹಳ ಸಲ ಕಾರಣ ಬ್ಯಾಟರಿ. ಚಾರ್ಜರಿನ ದೀಪ ಉರಿಯುತ್ತಿದೆ ಎಂದು ನಂಬಬೇಡಿ. ಸ್ಟಾರ್ಟ್ ಮಾಡಲು ಬ್ಯಾಟರಿ ಇಂಜಿನನ್ನು ತಿರುಗಿಸುವಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದು ನೋಡಿ. ಎರಡನೆಯದು ಹಳೇ ಡೀಸೆಲ್. ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಲೋಡಿಲ್ಲದೆ ಓಡಿಸುವುದಂತೂ ಯಂತ್ರಕ್ಕೇ ಕೆಡುಕು: ಬಿಸಿ ಸಾಲದೆ, ಪೂರ್ತಿ ಉರಿಯದ ಡೀಸೆಲ್ ಎಕ್ಸಾಸ್ಟಿನಲ್ಲಿ ಜಿಡ್ಡಾಗಿ ಕೂರುತ್ತದೆ. ತಿಂಗಳಿಗೊಮ್ಮೆ, ಸಾಮರ್ಥ್ಯದ ಕನಿಷ್ಠ 30 ಪ್ರತಿಶತ ಲೋಡ್ ಹಾಕಿ, ಅರ್ಧ ಗಂಟೆ ಓಡಿಸಿ. ವರ್ಷಕ್ಕೊಮ್ಮೆಯಾದರೂ ಮೇನ್ ಬ್ರೇಕರನ್ನೇ ಇಳಿಸಿ ನೋಡಿ. ಧೈರ್ಯ ಬೇಕು, ನಿಜ. ಆದರೆ ಚೇಂಜ್‌ಓವರ್ ಸ್ವಿಚ್ ಸಿಕ್ಕಿಹಾಕಿಕೊಳ್ಳುವುದು ಎಲ್ಲರೂ ಎದುರಿಗಿರುವ ಹಗಲಲ್ಲೇ ಗೊತ್ತಾಗಲಿ.

ಒಂದು ಸೇವೆ ಇನ್ನೊಂದನ್ನು ಕೆಡವುವುದೂ ಉಂಟು. 2021ರ ಫೆಬ್ರವರಿಯ ಕಡುಚಳಿಯಲ್ಲಿ ಟೆಕ್ಸಾಸಿನಲ್ಲಿ ಗ್ರಿಡ್ ಉಳಿಸಲು ಲೋಡ್‌ಶೆಡ್ಡಿಂಗ್ ಮಾಡಿದರು. ಕತ್ತರಿಸಿದ ಫೀಡರುಗಳಲ್ಲಿ, ಅಂದರೆ ಒಂದೊಂದು ಕಡೆಗೆ ಕರೆಂಟು ಒಯ್ಯುವ ಲೈನುಗಳಲ್ಲಿ, ಕೆಲವು ಗ್ಯಾಸ್ ತೆಗೆದು ಸಾಗಿಸುವ ಯಂತ್ರಗಳಿಗೆ ಹೋಗುವಂಥವು. ಗ್ಯಾಸ್ ಒತ್ತಡ ಇಳಿಯಿತು, ಗ್ಯಾಸಿನಿಂದಲೇ ಓಡುವ ವಿದ್ಯುತ್ ಸ್ಥಾವರಗಳಿಗೆ ಇಂಧನ ತಗ್ಗಿತು. ಯಾವ ಫೀಡರನ್ನು ಯಾವ ಕಾರಣಕ್ಕೂ ತೆಗೆಯಬಾರದು ಎಂಬ ಪಟ್ಟಿ ಲೈನ್‌ಮನ್ ಕೈಯಲ್ಲಿ ಮೊದಲೇ ಇರಬೇಕು.

ಇನ್ನು ನೀರು. 1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ, 1995ರಲ್ಲಿ ಜಪಾನಿನ ಕೋಬೆ: ಎರಡೂ ಕಡೆ ಭೂಕಂಪಕ್ಕೆ ನೀರಿನ ಪೈಪುಗಳು ಒಡೆದು, ಬೆಂಕಿ ಆರಿಸಲು ನೀರೇ ಸಿಗಲಿಲ್ಲ. ನೆಲ ಜರುಗಿದಾಗ ಪೆಡಸಾದ ಎರಕದ ಕಬ್ಬಿಣದ ಪೈಪು ಬಾಗದೆ ಮುರಿಯುತ್ತದೆ, ಜೋಡಣೆ ಕಳಚಿಕೊಳ್ಳುತ್ತದೆ. ಅದಕ್ಕೇ ಕಳಚದಂತೆ ಲಾಕ್ ಆಗುವ ಡಕ್ಟೈಲ್ (ಮುರಿಯದೆ ಬಾಗಬಲ್ಲ) ಕಬ್ಬಿಣದ ಪೈಪು, ಇಲ್ಲವೆ ಕಾಯಿಸಿ ಬೆಸೆದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು ಹಾಕಬೇಕು. ಇಡೀ ಊರಿನ ಪೈಪು ಒಂದೇ ಸಲ ಬದಲಿಸಲು ಆಗದು. ಆಸ್ಪತ್ರೆ, ಅಗ್ನಿಶಾಮಕ ಠಾಣೆಗೆ ಹೋಗುವ ಸಾಲು ಮೊದಲು. ಅದಕ್ಕೂ ಮೊದಲು ಪೈಪು ಟ್ಯಾಂಕಿಗೆ ಸೇರುವ ಜಾಗದಲ್ಲಿ ಬಾಗುವ ಜಾಯಿಂಟ್ ಹಾಕಿಸಿ. ಟ್ಯಾಂಕು ಅಲ್ಲಾಡುವುದೇ ಬೇರೆ ರೀತಿ, ನೆಲ ಅಲ್ಲಾಡುವುದೇ ಬೇರೆ ರೀತಿ. ಪೈಪು ತುಂಡಾಗುವುದು ಅವೆರಡರ ನಡುವೆ.

ಎರಡು ಟ್ಯಾಂಕಿದ್ದರೆ ಒಂದಕ್ಕೆ ಮಾತ್ರ, ನೆಲ ನಡುಗಿದ ಕೂಡಲೇ ಮುಚ್ಚುವ ವಾಲ್ವ್ ಹಾಕಿ. ಅದರ ನೀರು ಒಡೆದ ಪೈಪುಗಳಲ್ಲಿ ಹರಿದುಹೋಗದೆ ಕುಡಿಯಲು ಉಳಿಯುತ್ತದೆ. ಇನ್ನೊಂದು ಬೆಂಕಿ ಆರಿಸಲು ತೆರೆದಿರುತ್ತದೆ. ಉಳಿದ ವಾಲ್ವುಗಳನ್ನು ವರ್ಷಕ್ಕೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ, ಸುತ್ತು ಎಣಿಸಿ ಬರೆದಿಡಿ. 300 ಮಿಲಿಮೀಟರಿನ ಗೇಟ್ ವಾಲ್ವಿಗೆ ಸಾಮಾನ್ಯವಾಗಿ 38 ಸುತ್ತಿನ ಆಸುಪಾಸು ಬೇಕು. ಕತ್ತಲಲ್ಲಿ, ನೀರು ತುಂಬಿದ ಗುಂಡಿಯಲ್ಲಿ ಕೀಲಿ ತಿರುಗಿಸುವವನಿಗೆ ಕೈಯ ಬಿಗಿ ಒಂದೇ ಸಾಲದು. 22ನೇ ಸುತ್ತಿಗೆ ನಿಂತರೆ ವಾಲ್ವ್ ಮುಚ್ಚಿಲ್ಲ, ಏನೋ ಅಡ್ಡ ಬಂದಿದೆ, ಹಿಂದಿನ ವಾಲ್ವಿಗೆ ಓಡಬೇಕು ಎಂದು ಅವನಿಗೆ ಹೇಳುವುದು ಆ ಬರೆದಿಟ್ಟ ಅಂಕಿಯೇ.