ಬೆಕ್ಕಿಗೆ ಗೊತ್ತಾಗುವ ಗಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಸಂಜೆ ಹೊತ್ತಿಗೆ ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಮಕ್ಕಳು ಟಿವಿ ಮುಂದೆ ಕೂತಿರುತ್ತಾರೆ. ಅಡುಗೆಮನೆಯಿಂದ ಅಮ್ಮ, ‘ಸಾಕು, ಆಫ್ ಮಾಡ್ರೋ’ ಎಂದು ಕೂಗುತ್ತಿರುತ್ತಾರೆ. ನಾನು ಇವತ್ತು ಮಾತಾಡುತ್ತಿರುವುದು ಆ ಅಮ್ಮಂದಿರ ಜೊತೆ. ಟಿವಿಯಲ್ಲಿ ಓಡುತ್ತಿರುವುದು ಟಾಮ್ ಅನ್ನುವ ಬೆಕ್ಕು, ಜೆರ್ರಿ ಅನ್ನುವ ಇಲಿಯ ಕಾರ್ಟೂನ್ ಟಾಮ್ ಅಂಡ್ ಜೆರ್ರಿ ಆಗಿದ್ದರೆ ದಯವಿಟ್ಟು ಆಫ್ ಮಾಡಿಸಬೇಡಿ. ಒಲೆ ಸಣ್ಣಗೆ ಮಾಡಿ, ನೀವೂ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ನಾನು ಅನಿಮೇಷನ್ ಕಲಿಸುವವನು. ಕ್ಲಾಸಿಗೆ ಬರುವ ಹುಡುಗರಿಗೆ ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತೇನೆ. ಬೆಕ್ಕಿಗೆ ಪೆಟ್ಟು ಬಿದ್ದರೆ ನಮಗೆ ನಗು ಯಾಕೆ ಬರುತ್ತೆ? ‘ಪೆಟ್ಟು ಬೀಳುತ್ತಲ್ಲ ಸರ್, ಅದಕ್ಕೇ’ ಅನ್ನುತ್ತಾರೆ. ತಪ್ಪು. ಪೆಟ್ಟು ಬೀಳುತ್ತೆ ಅಂತ ಬೆಕ್ಕಿಗೆ ಗೊತ್ತಾಗುವ ಒಂದು ಗಳಿಗೆ ಇರುತ್ತದೆ. ನಗು ಇರುವುದು ಅಲ್ಲಿ. ಇದೊಂದನ್ನು ನೆನಪಿಟ್ಟುಕೊಳ್ಳಿ, ಸಾಕು.

ರೋಡ್ ರನ್ನರ್ ನೋಡಿರುತ್ತೀರಿ. ಚಕ್ ಜೋನ್ಸ್ ಅನ್ನುವ ನಿರ್ದೇಶಕರು 1949ರಲ್ಲಿ ಶುರು ಮಾಡಿದ್ದು. ಮರಳುಗಾಡಿನಲ್ಲಿ ಒಂದು ಹಕ್ಕಿ ಬೀಪ್ ಬೀಪ್ ಎಂದು ಓಡುತ್ತದೆ. ಹಸಿದ ಕಯೋಟಿ, ಅಂದರೆ ತೋಳದ ಜಾತಿಯ ಒಂದು ಪ್ರಾಣಿ, ಅದರ ಹಿಂದೆ ಓಡುತ್ತದೆ. ಓಡುತ್ತಾ ಓಡುತ್ತಾ ಬೆಟ್ಟದ ಅಂಚು ದಾಟಿ ಗಾಳಿಯಲ್ಲಿ ನಿಂತುಬಿಡುತ್ತದೆ. ಇನ್ನೂ ಬಿದ್ದಿಲ್ಲ. ಕೆಳಗೆ ನೋಡುತ್ತದೆ. ಆಮೇಲೆ ನಮ್ಮ ಕಡೆ ನೋಡುತ್ತದೆ. ಆ ನೋಟದಲ್ಲಿ ಎಲ್ಲ ಇದೆ! ಬೀಳುವುದು ಆಮೇಲಿನ ಮಾತು.

ಈ ಗಳಿಗೆ ತಾನಾಗಿ ಬರುವುದಿಲ್ಲ, ಎಣಿಸಿ ಇಡಬೇಕು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಏಳು ನಿಮಿಷದ ಕಾರ್ಟೂನ್ ಅಂದರೆ ಸುಮಾರು 10,000 ಫ್ರೇಮ್. ಆಗ ಕಂಪ್ಯೂಟರ್ ಇರಲಿಲ್ಲ. ಕಾಗದದ ಮೇಲೆ ಬರೆದು, ಪಾರದರ್ಶಕ ಹಾಳೆಗೆ ಇಳಿಸಿ, ಬಣ್ಣ ತುಂಬಿ, ಒಂದೊಂದಾಗಿ ಕ್ಯಾಮೆರಾ ಕೆಳಗೆ ಇಟ್ಟು ತೆಗೆಯುತ್ತಿದ್ದರು. ಬೆಕ್ಕು ಅರ್ಧ ಸೆಕೆಂಡ್ ನಿಲ್ಲಬೇಕಾದರೆ 12 ಫ್ರೇಮ್ ನಿಲ್ಲಿಸಬೇಕು. ಕಡಿಮೆಯಾದರೆ ಕಣ್ಣಿಗೆ ಸಿಗಲ್ಲ. ಜಾಸ್ತಿಯಾದರೆ ನಗು ಹಳಸುತ್ತದೆ. ಟಾಮ್ ಅಂಡ್ ಜೆರ್ರಿ ಮಾಡಿದ್ದು ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ. ಕಥೆಯ ಚಿತ್ರ ಬಿಡಿಸುವುದು, ತಮಾಷೆ ಹೊಳೆಯಿಸುವುದು ಹೆಚ್ಚಾಗಿ ಬಾರ್ಬೆರಾ ಕೆಲಸ. ಎಷ್ಟು ಫ್ರೇಮ್ ಓಡಬೇಕು, ಎಷ್ಟು ಫ್ರೇಮ್ ನಿಲ್ಲಬೇಕು ಅನ್ನುವ ಲೆಕ್ಕ ಹನ್ನಾ ಅವರದು. ಟಾಮ್ ಪೆಟ್ಟು ತಿಂದು ಕಿರುಚುತ್ತಾನಲ್ಲ, ಆ ಗಂಟಲೂ ಹನ್ನಾ ಅವರದೇ.

ಈಗ ನನಗೆ ಬಹಳ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. ಪಾಂಡವಪುರದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ಬೇಸಿಗೆ ಶಿಬಿರ. ಗೋಡೆಗೆ ಬಿಳಿ ಪಂಚೆ ಕಟ್ಟಿ ಟಾಮ್ ಅಂಡ್ ಜೆರ್ರಿ ಹಾಕಿದ್ದೆ. ಸ್ಪೀಕರ್ ಕೈಕೊಟ್ಟಿತು. ಸದ್ದೇ ಇಲ್ಲದೆ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದರು. ಕೈಯಲ್ಲಿ ಡೈರಿಗೆ ಹಾಕುವ ಹಾಲಿನ ಕ್ಯಾನು. ‘ಬಾರ್ಲಾ, ಹೊತ್ತಾಯ್ತು’ ಎಂದು ಬಾಗಿಲಲ್ಲೇ ನಿಂತರು. ಪಂಚೆ ಮೇಲೆ ಟಾಮ್ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬರುತ್ತಿದ್ದ. ಅವನ ಬೆನ್ನ ಹಿಂದೆ ಆ ದಪ್ಪ ನಾಯಿ. ಟಾಮ್‌ಗೆ ಗೊತ್ತಿಲ್ಲ. ಕೈಗೆ ಏನೋ ಸಿಕ್ಕಿತು, ತಿರುಗಿ ನೋಡದೆ ತಡವುತ್ತಿದ್ದಾನೆ. ಮೂಗು ಸಿಕ್ಕಿತು. ಹಲ್ಲು ಸಿಕ್ಕಿತು. ಅಜ್ಜಿ ತಡೆಯಲಾರದೆ ಕೂಗಿಬಿಟ್ಟರು, ‘ಅಯ್ಯೋ ಹಿಂದೆ ನೋಡ್ಲಾ, ನಾಯಿ ಕಣ್ಲಾ ಅದು!’ ಟಾಮ್ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಅಜ್ಜಿ ಕ್ಯಾನು ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕರು. ಡೈರಿ ಅವತ್ತು ಕಾಯಬೇಕಾಯಿತು.

ಮಾರನೆಯ ದಿನ ಒಂದು ಪ್ರಯೋಗ ಮಾಡಿದೆ. ಅದೇ ದೃಶ್ಯದಲ್ಲಿ ತಡವುವುದನ್ನು, ಬಿಳಿಚಿಕೊಳ್ಳುವುದನ್ನು ಲ್ಯಾಪ್‌ಟಾಪ್‌ನಲ್ಲಿ ಕತ್ತರಿಸಿ ತೆಗೆದೆ. ಬೆಕ್ಕು ಬಂತು, ನಾಯಿ ಮೇಲೆ ಬಿತ್ತು, ಮುಗಿಯಿತು. ಪೆಟ್ಟು ಅದೇ, ಚಿತ್ರ ಅದೇ. ಮಕ್ಕಳು ಸುಮ್ನೆ ನೋಡಿದರು. ಒಬ್ಬನೂ ನಗಲಿಲ್ಲ. ಅಜ್ಜಿ ಅವತ್ತು ಬೇಗನೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ‘ಯಾಕ್ ಮೇಷ್ಟ್ರೇ, ಇವತ್ತು ನಾಯಿ ಇಷ್ಟ್ ಬಿರ್ನೆ ಬಂದ್ಬುಡ್ತು? ಬೆಕ್ಕಿಗೆ ಗೊತ್ತೇ ಆಗ್ನಿಲ್ವಲ್ಲ!’ ಅಂದರು. ನಾನು ವರ್ಷಗಟ್ಟಲೆ ಕ್ಲಾಸಿನಲ್ಲಿ ಹೇಳುವುದನ್ನು ಆ ತಾಯಿ ಒಂದೇ ಮಾತಿನಲ್ಲಿ ಹೇಳಿದರು. ಬೆಕ್ಕಿಗೆ ಗೊತ್ತಾಗಬೇಕು! ನಮಗೆ ಮೊದಲೇ ಗೊತ್ತಿರಬೇಕು, ಅದಕ್ಕೆ ಆಮೇಲೆ ಗೊತ್ತಾಗಬೇಕು.

1940ರಲ್ಲಿ ಬಂದ ಟಾಮ್ ಅಂಡ್ ಜೆರ್ರಿಯ ಮೊದಲ ಚಿತ್ರವೇ ಹಾಗಿದೆ. ಆಗ ಬೆಕ್ಕಿನ ಹೆಸರು ಟಾಮ್ ಅಲ್ಲ, ಜ್ಯಾಸ್ಪರ್. ಇನ್ನೊಂದು ಸಾಮಾನು ಒಡೆದರೆ ಮನೆಯಿಂದ ಆಚೆ ಎಂದು ಕೆಲಸದಾಕೆ ಗದರಿಸಿರುತ್ತಾಳೆ. ಇಲಿ ಅದನ್ನು ಕೇಳಿಸಿಕೊಂಡಿರುತ್ತದೆ. ಮೇಜಿನ ಅಂಚಿನಲ್ಲಿ ಗಾಜಿನ ಲೋಟ ಹಿಡಿದು ನಿಲ್ಲುತ್ತದೆ, ಅಷ್ಟೇ. ಬೆಕ್ಕಿನ ಮುಖ ನೋಡಬೇಕು ಆಗ! ಹನ್ನಾ, ಬಾರ್ಬೆರಾ ಇಬ್ಬರೂ 1958ರವರೆಗೆ ಇಂಥ 114 ಚಿತ್ರ ಮಾಡಿದರು. ಏಳು ಆಸ್ಕರ್ ಬಂದವು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಈ ಚಿತ್ರಗಳಿಗೆ ಸ್ಕಾಟ್ ಬ್ರಾಡ್ಲಿಯವರು ಕೊಟ್ಟ ಸಂಗೀತದ ಬಗ್ಗೆ ಜಾಸ್ತಿ ಹೇಳಲು ಆಗುವುದಿಲ್ಲ. ಬೆಕ್ಕಿನ ಒಂದೊಂದು ಹೆಜ್ಜೆಗೂ ಅವರು ಸ್ವರ ಬರೆದರು. ಬೆಕ್ಕು ನಿಂತರೆ ವಾದ್ಯವೂ ನಿಲ್ಲುತ್ತದೆ. ಕಣ್ಣು ಮುಚ್ಚಿ ಒಮ್ಮೆ ಕೇಳಿ, ಆ ಗಳಿಗೆ ಕಿವಿಗೂ ಸಿಗುತ್ತದೆ.

ಇನ್ನು ‘ಬರೀ ಹೊಡೆದಾಟ ಅಲ್ವಾ ಸರ್, ಮಕ್ಕಳು ಕೆಡಲ್ವಾ?’ ಎಂದು ಕೇಳುವವರಿಗೆ ಒಂದು ಮಾತು. ನಿಮ್ಮ ಮಗುವಿನ ಮುಖ ನೋಡಿ. ಅದು ನೋಡುತ್ತಿರುವುದು ಕೋಲನ್ನಲ್ಲ, ಬೆಕ್ಕಿನ ಕಣ್ಣನ್ನು. ನನಗೆ ಬೇಸರ ಇರುವುದು ಈಗಿನ ಎಷ್ಟೋ ಕಾರ್ಟೂನ್‌ಗಳ ಮೇಲೆ. ಒಂದೇ ಸಮ ಮಾತು, ಒಂದೇ ಸಮ ಓಟ. ಯಾರೂ ಒಂದು ಕಡೆ ನಿಲ್ಲುವುದಿಲ್ಲ. ಯಾರಿಗೂ ಏನೂ ಗೊತ್ತಾಗಲು ಪುರುಸೊತ್ತಿಲ್ಲ.

ರಜೆಯಲ್ಲಿರುವ ಮಕ್ಕಳೇ, ನಿಮಗೊಂದು ಕೆಲಸ. ಹಳೇ ನೋಟ್‌ಬುಕ್ ತೆಗೆದುಕೊಳ್ಳಿ, ಹಾಳೆ ತೆಳುವಾಗಿರಲಿ. ಕೊನೆಯ ಹಾಳೆಯಿಂದ ಶುರು ಮಾಡಿ. ಆಗ ಕೆಳಗಿನ ಹಾಳೆಯ ಗೆರೆ ಮೇಲೆ ಕಾಣುತ್ತದೆ. ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಉರುಳುವ ಒಂದು ಚೆಂಡು. ಚೆಂಡಿಗೆ ಎರಡು ಕಣ್ಣು ಇಡಿ. ಒಂದೊಂದು ಹಾಳೆಗೂ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ. ಅಂಚು ದಾಟಿದ ಮೇಲೆ ಏಳೆಂಟು ಹಾಳೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಲ್ಲಲಿ. ಕಣ್ಣು ಮಾತ್ರ ಕೆಳಗೆ ನೋಡಲಿ, ಆಮೇಲೆ ನಿಮ್ಮನ್ನು ನೋಡಲಿ. ಆಮೇಲೆ ಬೀಳಿಸಿ. ಕೊನೆಯ ಹಾಳೆಯಿಂದಲೇ ಶುರು ಮಾಡಿ, ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಡಿ. ಅಜ್ಜಿ ಮನೆಯಲ್ಲಿದ್ದರೆ ಮೊದಲು ಅವರಿಗೇ ತೋರಿಸಿ. ನಮಸ್ಕಾರ.